ಅರ್ಧ ಮಾತ್ರೆ ಮೇಷ್ಟ್ರಿಗೆ

ತಿಪಟೂರು, ಫೆಬ್ರವರಿ 30, 2187

ಪರಮಪೂಜ್ಯ ಮುತ್ತಾತ ಮರುಳಪ್ಪ ಮೇಷ್ಟ್ರ ಪಾದಗಳಿಗೆ, ನಿಮ್ಮ ಮರಿಮಗನ ಮರಿಮಗ ಹೊಂಬಾಳ, ವಯಸ್ಸು ಹದಿನೇಳು, ಸಾಷ್ಟಾಂಗ ಬಿದ್ದು ಬರೆಯುವುದೇನೆಂದರೆ, ತಾರೀಖು ನೋಡಿ ಕೆಂಪು ಶಾಯಿ ತೆಗೆಯಬೇಡಿ. ಬಡ ಫೆಬ್ರವರಿಗೆ ನಾವು ಎರಡು ದಿನ ದಾನ ಮಾಡಿದ್ದೇವೆ. ನನ್ನ ಕೆಲವು ಪದಗಳು ನಿಮ್ಮ ಕಿವಿಗೆ ಒರಟಾಗಿ ಕೇಳಿದರೆ ಕ್ಷಮಿಸಿ. ನಾನಂತೂ ನಿಮ್ಮನ್ನು ಕ್ಷಮಿಸಿಲ್ಲ.

ಈ ಪತ್ರ ನಿಮ್ಮ ಕಾಲಕ್ಕೆ ತಲುಪುವ ಹೊತ್ತಿಗೆ ನಿಮ್ಮ ಫ್ಲೂ ಜ್ವರಕ್ಕೆ ಮೂರನೇ ದಿನ. ಮೈ ಹಗುರಾಗಿದೆ. ಡಾಕ್ಟರು ಐದು ದಿನಕ್ಕೆಂದು ಕೊಟ್ಟ ಮಾತ್ರೆಗಳನ್ನು ಅಡಕತ್ತರಿಯಲ್ಲಿ ಕತ್ತರಿಸುತ್ತಾ, "ವ್ಯಂಜನಕ್ಕೇ ಅರ್ಧ ಮಾತ್ರೆ ಸಾಕು, ನನಗ್ಯಾಕಯ್ಯಾ ಪೂರ್ತಿ?" ಎಂದು ನಗುತ್ತಾ, ಮಿಕ್ಕ ಚೂರುಗಳನ್ನು ಕೆಮ್ಮುವ ನೆರೆಹೊರೆಗೆಲ್ಲ ಹಂಚಲು ಹೊರಟಿದ್ದೀರಿ. ವ್ಯಾಕರಣ ಸರಿಯೇ. ಆದರೆ ಅರೆಪೆಟ್ಟು ತಿಂದ ವೈರಸ್ ಸಾಯಲಿಲ್ಲ, ಮಾತ್ರೆಯನ್ನೇ ಬಾಯಿಪಾಠ ಮಾಡಿಕೊಂಡಿತು. ನಲವತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ನಿಮ್ಮಿಂದ ಸರಿಯಾಗಿ ಕಲಿತ ವಿದ್ಯಾರ್ಥಿ ಅದೊಂದೇ. ಈಗ ಅದು ಯಾವ ಮಾತ್ರೆಗೂ ಜಗ್ಗುವುದಿಲ್ಲ. ನಮ್ಮೂರಲ್ಲಿ ಅದಕ್ಕೆ 'ಅರ್ಧಮಾತ್ರೆ ಜ್ವರ' ಎಂದು ಹೆಸರಿಡಿಸಿದವನು ನಾನೇ. ಪಠ್ಯಪುಸ್ತಕದಲ್ಲಿ ನಿಮ್ಮ ಫೋಟೊ ಇದೆ. ಕತ್ತೆಕಿವಿ ನಾನು ಬರೆದದ್ದು.

ನನ್ನ ತಂಗಿ ಸುರಗಿಗೆ ಒಂಬತ್ತು ವರ್ಷ. ಹನ್ನೊಂದು ದಿನದಿಂದ ಈ ಜ್ವರದಲ್ಲಿ ಆಸ್ಪತ್ರೆಯಲ್ಲಿದ್ದಾಳೆ. ನಮಗೆ ಉಳಿದಿರುವುದು ಕಾವಲುರಸ ಮಾತ್ರ. ಜ್ವರ ಗೆದ್ದವರ ರಕ್ತದಲ್ಲಿ ವೈರಸ್ಸಿನ ಜುಟ್ಟು ಹಿಡಿಯುವ ಕಾವಲುಗಾರರಿರುತ್ತಾರೆ. ನೀವು ಪ್ರತಿಕಾಯ ಎನ್ನುತ್ತಿದ್ದಿರಿ. ಅವರಲ್ಲಿ ಗಟ್ಟಿಗನನ್ನು ಆರಿಸಿ, ಅವನಂಥವರನ್ನೇ ಕೊಪ್ಪರಿಗೆಗಳಲ್ಲಿ ಕೋಟಿಗಟ್ಟಲೆ ಬೆಳೆಸಿ, ಡ್ರಿಪ್ಪಿನಲ್ಲಿ ಇಳಿಸುತ್ತಾರೆ. ಮೊದಲ ಎರಡು ಬಗೆಯ ರಸದಿಂದ ವೈರಸ್ ನುಣುಚಿಕೊಂಡಿತು. ಸುರಗಿಯ ತುಟಿ ನೇರಳೆಯಾಯಿತು. ಅಮ್ಮ ಅವಳ ಅಂಗಾಲು ಉಜ್ಜುತ್ತಲೇ ಇದ್ದಳು. ನನಗೆ ಒಂದು ತಮಾಷೆಯೂ ಹೊಳೆಯಲಿಲ್ಲ. ಈ ಸೇಡು ಅದಕ್ಕೇ.

ಮೂರನೆಯ ಬಗೆ ಹಿಡಿಯಿತು. ಅದರಲ್ಲಿ ಮೂರು ಬಾಟಲಿ ಇಳಿಯಬೇಕು. ಎರಡು ಮುಗಿದದ್ದೇ ತಡ, ಸುರಗಿ ಎದ್ದು ಕೂತು, "ಸಾಕು ಬಿಡೋ ಅಣ್ಣಾ, ಹುಷಾರಾದ್ನಲ್ಲ! ಸೂಜಿ ಕೀಳ್ಸೋ" ಎಂದಳು. ಎಲ್ಲಿ ಹೋಗುತ್ತದೆ, ನಿಮ್ಮದೇ ರಕ್ತ! ಇದನ್ನೂ ಅರ್ಧಕ್ಕೆ ಬಿಟ್ಟರೆ ವೈರಸ್ ಇದನ್ನೂ ಕಲಿತುಬಿಡುತ್ತದೆ, ನಾಲ್ಕನೆಯ ಬಗೆ ನಮ್ಮಲ್ಲಿಲ್ಲ. ಹಾಗಾಗಿ ಅವಳಿಗೊಂದು ಕತೆ ಶುರುಮಾಡಿ ನಡುವೆ ನಿಲ್ಲಿಸಿದೆ, ಮಿಕ್ಕದ್ದು ಬಾಟಲಿ ಖಾಲಿಯಾದ ಮೇಲೆ. "ನೀನೂ ಒಬ್ಬ ಅಣ್ಣನಾ, ಪೀಡೆ!" ಎನ್ನುತ್ತಾ ತೋಳು ಚಾಚಿದಳು.

ಅದೇ ಕತೆ ನಿಮಗೂ. ನಿಮ್ಮ ನಿವೃತ್ತಿಯ ಸನ್ಮಾನದಲ್ಲಿ ಹೊದಿಸಿದ ಶಾಲಿಗೆ ಯಾರೋ ನಸುಗುನ್ನಿ ಸವರಿದ್ದರು. ನೀವು ಭಾಷಣ ಬಿಟ್ಟು ಮೈ ಪರಚಿಕೊಂಡಿರಿ. ಆ ಕಳ್ಳ ಯಾರೆಂದು ಇವತ್ತಿಗೂ ಹುಡುಕುತ್ತಿದ್ದೀರಿ. ತಪ್ಪೊಪ್ಪಿಗೆಯ ಚೀಟಿ ನನ್ನ ಕೈಯಲ್ಲಿದೆ. ಎಲ್ಲಿ ಸಿಕ್ಕಿತೆಂದು ಹೇಳುವಷ್ಟು ದಡ್ಡ ನಾನಲ್ಲ. ಮಾತ್ರೆಗಳನ್ನು ಯಾರಿಗೂ ಹಂಚದೆ, ಐದು ದಿನವೂ ಇಡಿಯಾಗಿ ನುಂಗಿ. ಮಾತ್ರೆಯ ಖಾಲಿ ಪಟ್ಟಿಯನ್ನು ಈ ಪತ್ರ ಸಿಕ್ಕ ಎಲೆಯಡಿಕೆ ಡಬ್ಬಿಯಲ್ಲಿಡಿ. ಕತೆಯ ಮಿಕ್ಕರ್ಧ ಅಲ್ಲಿಗೇ ಬರುತ್ತದೆ. ಅಲ್ಲಿಯವರೆಗೆ ತುರಿಸಿಕೊಳ್ಳುತ್ತಿರಿ. ಯಾಕೆಂದರೆ ನಸುಗುನ್ನಿ ಸವರಿದವರು ಬೇರೆ ಯಾರೂ ಅಲ್ಲ, ಅಂದು ವೇದಿಕೆಯ ಮೇಲೆ ನಿಮ್ಮ ಬಲಗಡೆಗೇ ಕೂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ ನಿಮ್ಮ