ಅಕ್ಕನನ್ನೇ ಕೇಳಬೇಕಿತ್ತು

ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರೇ,

‘ನೋವಿಗೂ ಒಂದು ದನಿ ಉಂಟು, ಕೇಳುವ ಕಿವಿಯಿದ್ದರೆ’ ಅಂತೇನೋ ಒಂದು ಸಾಲು ಹಿಂದೆ ಓದಿದ್ದೆ. ಮುಂದಿನದು ಮರೆತಿದೆ. ಬರೆದವರಿಗೆ ನಿಮ್ಮ ಪರಿಚಯ ಇರಲಿಲ್ಲ ಎಂಬುದು ಮಾತ್ರ ಖಚಿತ. ನಿಮ್ಮ ಕೋಣೆಯಲ್ಲಿ ಕಿವಿಗೇನು ಕೊರತೆ? ಎರಡೂ ನೆಟ್ಟಗಿವೆ, ರೋಗಿಯ ಕಡೆ ತಿರುಗುವುದಿಲ್ಲ ಅಷ್ಟೆ. ನೀವು ನನ್ನ ಅಕ್ಕನ ದನಿಯನ್ನು ಅವಳನ್ನು ಕೇಳದೆಯೇ ಪಣಕ್ಕಿಟ್ಟು ಕಳೆದಿರಿ. ನನ್ನ ದೂರು ಇದು.

ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಮೈಕಿನಲ್ಲಿ ಹೇಳುವುದು ಅಕ್ಕನ ಕೆಲಸ. ಕೊರಳಲ್ಲಿ ಗಂಟು ಕಂಡಿತೆಂದು ನಿಮ್ಮಲ್ಲಿಗೆ ಬಂದೆವು. ನೀವು ಅವಳ ಕತ್ತು ಒತ್ತುತ್ತಾ, ಇವರಿಗೆ ಊಟ ನುಂಗಲು ಆಗುತ್ತಾ ಎಂದು ನನ್ನನ್ನು ಕೇಳಿದಿರಿ. ಕತ್ತು ಅವಳದು, ಪ್ರಶ್ನೆ ನನಗೆ. ಅಕ್ಕ ಬಾಯಿ ತೆರೆದಳು. ನೀವು ತಿರುಗಿಯೂ ನೋಡದೆ ಬೆರಳೆತ್ತಿ ಸುಮ್ಮನಾಗಿಸಿದಿರಿ. ಆಮೇಲೆ ‘ಗಂಡಸರು ಯಾರಾದರೂ ಬಂದಿದ್ದಾರಾ?’ ಎಂದು ನನ್ನ ಗಂಡನನ್ನು ಹೊರಗೆ ಕರೆದು, ದನಿ ಹೋದರೂ ಹೋಗಬಹುದು, ಪೇಷೆಂಟಿಗೆ ಹೇಳಬೇಡಿ, ಸುಮ್ಮನೆ ಹೆದರುತ್ತಾರೆ ಎಂದಿರಿ. ಆ ಮನುಷ್ಯ ಡಾಕ್ಟರ ಮಾತು ಮೀರಬಾರದೆಂದು ನನಗೂ ಹೇಳಲಿಲ್ಲ. ಅದಕ್ಕೆ ಅವರಿಗೆ ಸಲ್ಲಬೇಕಾದದ್ದು ಮನೆಯಲ್ಲಿ ಸಲ್ಲುತ್ತಿದೆ. ಅಕ್ಕ ನಿಮ್ಮವರು ತೋರಿಸಿದ ಕಡೆ ಸಹಿ ಹಾಕಿದಳು. ನೀವು ಕೊಯ್ದಿರಿ.

ಗಂಟು ಕೆಟ್ಟದ್ದಲ್ಲ, ಕಾದು ನೋಡಬಹುದಿತ್ತು ಎಂದು ಈಗ ಬೇರೊಬ್ಬ ವೈದ್ಯರು ಹೇಳುತ್ತಾರೆ. ಮೊದಲೇ ತಿಳಿದಿದ್ದರೆ ಅಕ್ಕ ಕಾಯುತ್ತಿದ್ದಳೋ, ಕೊಯ್ಯಿಸಿಕೊಳ್ಳುತ್ತಿದ್ದಳೋ? ನನಗೆ ಗೊತ್ತಿಲ್ಲ. ಗೊತ್ತಿದ್ದವಳನ್ನು ಯಾರೂ ಕೇಳಲಿಲ್ಲ. ಈಗ ಅವಳ ಗಂಟಲಲ್ಲಿ ಉಳಿದಿರುವುದು ಬರೀ ಗಾಳಿ. ಆ ಗಾಳಿಯಲ್ಲೇ ಒಮ್ಮೆ ಅಂದಳು: ‘ದನಿ ಹೋದದ್ದು ಹಾಗಿರಲಿ ಕಣೇ. ಅದು ನನ್ನದು ಅಂತ ಅವರಿಗೆ ಅನ್ನಿಸಲೇ ಇಲ್ಲವಲ್ಲ.’ ಇನ್ನೊಂದು ಸಣ್ಣ ಶಸ್ತ್ರಚಿಕಿತ್ಸೆಯಿಂದ ಸ್ವಲ್ಪವಾದರೂ ಮರಳಬಹುದಂತೆ, ತಡಮಾಡಬಾರದಂತೆ. ಅಕ್ಕ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದಾಳೆ.

ನಿಮಗೆ ಕೇಡು ಬಯಸುವಷ್ಟು ಕೆಟ್ಟವಳಲ್ಲ ಎಂದು ಬರೆದು ಹೊಡೆದುಹಾಕಿದೆ. ಬಯಸುತ್ತೇನೆ. ದೊಡ್ಡ ಕಾಯಿಲೆ ಬೇಡ. ಬೆನ್ನು ಮುಚ್ಚದ ಆ ಹಸಿರು ಅಂಗಿ ತೊಟ್ಟು ನೀವು ಮಂಚದ ತುದಿಯಲ್ಲಿ ಕೂತಿರಬೇಕು. ನಿಮ್ಮ ಶಿಷ್ಯನೊಬ್ಬ ಬಂದು, ಇವರಿಗೆ ಮೋಷನ್ ಸರಿಯಾಗಿ ಆಗುತ್ತಾ ಎಂದು ನಿಮ್ಮ ಮನೆಯವರನ್ನು ಕೇಳಬೇಕು. ನೀವು ಬಾಯಿ ತೆರೆಯಬೇಕು, ಅವನು ಬೆರಳೆತ್ತಬೇಕು. ಈ ವಿದ್ಯೆ ಅವನು ಯಾರಿಂದ ಕಲಿತ ಎಂದು ನೀವು ಬಿಡುವಾಗಿ ಯೋಚಿಸಬೇಕು.

ಅಷ್ಟರೊಳಗೆ ಒಂದು ಕೆಲಸ ಮಾಡಿ. ನಮ್ಮ ಮನೆಗೆ ಬನ್ನಿ. ಅಕ್ಕನ ಎದುರು ಕುರ್ಚಿ ಎಳೆದು ಕೂತು, ಏನು ಮಾಡಿದಿರಿ, ಇನ್ನೇನು ಮಾಡಬಹುದು ಎಂದು ಅವಳಿಗೇ ಹೇಳಿ. ಉತ್ತರ ನಿಧಾನವಾಗಿ ಬರುತ್ತದೆ. ಮುಗಿಯುವವರೆಗೆ ಕಾಯಿರಿ. ರೋಗಿಗೆ ವೈದ್ಯರಿಂದ ಬೇಕಾದದ್ದು ಇಷ್ಟೇ; ದೇವರಾಗಿ ಎಂದು ಯಾರೂ ಕೇಳಿಲ್ಲ.

ಇಂತಿ,
ನೀವು ನನ್ನನ್ನು ಕೇಳಬಾರದಿದ್ದ ಪ್ರಶ್ನೆಗೆ ಉತ್ತರ ಕೊಟ್ಟ ತಂಗಿ

ತಾಜಾ ಕಲಂ: ಸಹಿ ಹಾಕುವಷ್ಟರಲ್ಲಿ ಪಕ್ಕದ ಮನೆಯವರು ಬಂದರು. ಒಳ್ಳೆಯ ಹೆಂಗಸು. ಬಾಗಿಲು ತೆಗೆದದ್ದು ಅಕ್ಕ. ಅವಳ ಭುಜದ ಮೇಲಿಂದ ಇಣುಕಿ ಅವರು ನನ್ನನ್ನು ಕೇಳಿದರು: ‘ನಿಮ್ಮಕ್ಕ ಹೇಗಿದ್ದಾರೆ ಈಗ?’