ನೂರು ಪಟ್ಟು ಸಡಿಲ

ಮಾರ್ಚ್ 3, ಸೋಮವಾರ

ಬಿಸಿ ಅಳೆಯುವ ಯಂತ್ರದಲ್ಲಿ ಎಂಟನೇ ರನ್. ಐದು ಡಿಗ್ರಿಯಿಂದ ಶುರು ಮಾಡಿ ಮೈಶಾಖದ ಮೂವತ್ತೇಳಕ್ಕೆ ಬಂದೆ. ಸಿರಿಂಜಿನಿಂದ ಹನಿ ಬಿದ್ದಾಗಲೆಲ್ಲ ಚೂರು ಬಿಸಿ, ಪರದೆಯ ಮೇಲೊಂದು ಗೀರು. ರಕ್ಷಣಾ ಕೋಶದ ಮೇಲಿನ ಪ್ರೋಟೀನು ಎದುರು ಕೋಶದ ಪ್ರೋಟೀನನ್ನು ಹಿಡಿಯುತ್ತದೆ, ಆದರೆ ಸಡಿಲವಾಗಿ. ನನ್ನ ಗೈಡ್ ಮೇಡಂ ಇಪ್ಪತ್ತು ವರ್ಷದ ಹಿಂದೆ ಪ್ರಕಟಿಸಿದ ಅಳತೆಗಿಂತ ನೂರು ಪಟ್ಟು ಸಡಿಲ. ಆ ಅಳತೆಯಿಂದಲೇ ಅವರಿಗೆ ಹೆಸರು, ನಮಗೆ ಲ್ಯಾಬು.

ನನ್ನದು ಸರಿ. ಥೀಸಿಸ್ಸಿಗೆ ಸಹಿ ಮಾತ್ರ ಅವರದು ಬೇಕು.

ಮಾರ್ಚ್ 4

ಬಸ್ಸಿನಲ್ಲಿ ಓದುತ್ತಿರುವ ಅನುವಾದದ ಕಾದಂಬರಿಯಲ್ಲಿ ಕೆಟ್ಟ ಸುದ್ದಿ ತರುವವರೆಲ್ಲ ಮೊದಲು ಕೆಮ್ಮುತ್ತಾರೆ. ನಾನು ಕೆಮ್ಮಲಿಲ್ಲ. ಗ್ರಾಫ್ ಮೇಡಂ ಮೇಜಿನ ಮೇಲಿಟ್ಟೆ. ಎರಡು ದ್ರಾವಣ ಒಂದಕ್ಕೊಂದು ಹೊಂದಿಲ್ಲ, ಅವು ಬೆರೆತಾಗ ಬರುವ ಬಿಸಿಯನ್ನಷ್ಟೇ ಅಳೆದಿದ್ದೀಯ ಅಂದರು. ಪ್ರೋಟೀನಿಲ್ಲದ ರನ್ ತೋರಿಸಿದೆ — ನೇರ ಗೆರೆ, ಒಂದೂ ಗೀರಿಲ್ಲ. ಹಾಗಾದರೆ ನಿನ್ನ ಪ್ರೋಟೀನೇ ಕೆಟ್ಟಿದೆ ಅಂದರು.

ಮನೆಯಲ್ಲಿ ತಂಗಿಗೆ ಹೇಳಿದೆ.

"ಸೆಕೆಂಡಿನೊಳಗೆ ಕೈ ಬಿಡೋ ಸಂಬಂಧ ಅಳೆಯೋಕೆ ನಾಲ್ಕು ವರ್ಷ ಬೇಕಾಯ್ತಾ ಅಕ್ಕ?"

ಬಿಡಲೇಬೇಕು ಕಣೇ ಅಂದೆ. ಕಾವಲಿನ ಕೋಶ ಮುಟ್ಟಿ ನೋಡಿ ಮುಂದೆ ಹೋಗಬೇಕು. ಸಿಕ್ಕವರಿಗೆಲ್ಲ ಅಂಟಿಕೊಂಡು ನಿಂತರೆ ಕೆಲಸ ಕೆಟ್ಟಿತು.

ಮಾರ್ಚ್ 12

ಮೇಡಂ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಸಿಕ್ಕಿತ್ತು: ಫ್ರೀಜರಿನಿಂದ ತೆಗೆದು ನೇರ ಬಳಸಿದೆ. ನಾನೂ ಹಾಗೇ ಮಾಡಿದೆ. ನನ್ನ ಪ್ರೋಟೀನನ್ನು ವಾರವಿಡೀ ಫ್ರೀಜರಿನಲ್ಲಿಟ್ಟು, ಸೋಸದೆ ಅಳೆದೆ. ಹೆಚ್ಚುಕಡಿಮೆ ಮೇಡಂ ಅಂಕಿಯೇ ಬಂತು.

ಅದನ್ನೇ ಗಾತ್ರ ನೋಡಿ ಬೇರ್ಪಡಿಸುವ ಕಾಲಮ್ ಕೊಳವೆಯಲ್ಲಿ ಇಳಿಸಿದೆ. ಫ್ರೀಜರಿನಲ್ಲಿ ಒಂದಕ್ಕೊಂದು ಅಂಟಿದ ಪ್ರೋಟೀನಿನ ಗಂಟುಗಳು ಮೊದಲು ಬಂದವು. ಗಂಟಿಗೆ ಹತ್ತು ಕೈ. ಒಂದು ಬಿಟ್ಟರೂ ಉಳಿದವು ಹಿಡಿದಿರುತ್ತವೆ. ಗಂಟು ಚೆಲ್ಲಿ ಉಳಿದದ್ದನ್ನು ಅಳೆದೆ. ಸಡಿಲ.

ಎರಡೂ ಗ್ರಾಫ್ ಮೇಡಂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಬಂದೆ.

ಮಾರ್ಚ್ 13, ಸಂಜೆ 5

ಬೆಳಿಗ್ಗೆ ಮೇಡಂ ಕೋಟು ಹಾಕಿಕೊಂಡು ತಾವೇ ಲ್ಯಾಬಿಗಿಳಿದರು. ಎಷ್ಟೋ ವರ್ಷವಾಗಿತ್ತಂತೆ. ಗಂಟು ಸೋಸಿದ್ದು, ಅಳೆದದ್ದು ಎಲ್ಲ ಅವರ ಕೈಯಿಂದಲೇ. ನಾನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ನಾಲ್ಕಕ್ಕೆ ಉತ್ತರ ಬಂತು. ನನ್ನದೇ ಅಂಕಿ.

ಮೇಡಂ ಕೈಗವಸು ಕಳಚಿ ಪೆನ್ನು ಕೇಳಿದರು. ಆಮೇಲೆ, "ಹಿಂದಿನ ಅಳತೆ ತಪ್ಪು ಅನ್ನೋ ವಾಕ್ಯ ನಾನೇ ಬರೀತೀನಿ. ನೀನು ಬರೆದ್ರೆ ಮೆತ್ತಗೆ ಬರೀತೀಯ."

ನಿಜ. ಮೂರು ಸಲ ಮೆತ್ತಗೆ ಬರೆದಿಟ್ಟಿದ್ದೆ.

ಈಗ ಎದುರು ಮೇಜಿನಲ್ಲಿ ಬರೆಯುತ್ತಿದ್ದಾರೆ. 'ವ್ಯತ್ಯಾಸ' ಅಂತ ಬರೆದು ಹೊಡೆದು ಹಾಕಿದರು. 'ತಪ್ಪು' ಅಂತ ಬರೆದರು. ಅದನ್ನು ಹೊಡೆಯಲಿಲ್ಲ. ನನ್ನ ಅಂಕಿ ಕೇಳುತ್ತಿದ್ದಾರೆ, ಎದ್ದು ಹೋಗಿ ಹೇಳಬೇಕು.