ಅಕ್ಕರೆಯಿಂದ ಕೆಟ್ಟ ಮರುಕೇಳ್ಕೆ

ಎಡೆದೊರೆ ವಿದ್ಯಾಪೀಠ,
ಶಾಲಿವಾಹನ ಶಕ ೨೨೬೧, ನಡುಬೇಸಗೆ ಮಾಸದ ಎಂಟನೆಯ ದಿನ

ಮುನ್ನೂರು ವರ್ಷಗಳ ಹಿಂದೆ ವಿಶ್ವವಿದ್ಯಾಲಯಗಳಲ್ಲಿ ಆರೋಗ್ಯದ ಪ್ರಶ್ನಾವಳಿಗಳನ್ನು ಸಿದ್ಧಪಡಿಸುತ್ತಿರುವ ಮಾನ್ಯರೇ,

ಈ ಮಾಸದ ಹೆಸರು ನಿಮ್ಮ ಪಂಚಾಂಗದಲ್ಲಿ ದೊರೆಯದು. ವೈಶಾಖ ಜ್ಯೇಷ್ಠಗಳೆರಡೂ ಸಾಲದಷ್ಟು ಬೇಸಗೆ ಬೆಳೆದುದರಿಂದ ನಮ್ಮ ಹಿರಿಯರು ಹದಿಮೂರನೆಯ ಮಾಸವೊಂದನ್ನು ಸೇರಿಸಿದರು. ನನ್ನ ಕೆಲವು ಪದಗಳೂ ನಿಮಗೆ ಅಪರಿಚಿತವೆನಿಸಬಹುದು. ಕ್ಷಮೆಯಿರಲಿ, ಅರ್ಥವನ್ನು ಜೊತೆಯಲ್ಲೇ ಹೇಳುತ್ತೇನೆ.

ನಮ್ಮಲ್ಲಿ ಪಾಠಗಳು ಬೆಳ್ಳಿ ಮೂಡುವ ಹೊತ್ತಿಗೆ ಆರಂಭವಾಗುತ್ತವೆ. ಬಿಸಿಲೇರಿದೊಡನೆ ಎಲ್ಲರೂ ತಣ್ಮನೆಗೆ, ಎಂದರೆ ನೆಲದಡಿಯ ತಂಪು ಹಜಾರಕ್ಕೆ, ಇಳಿಯುತ್ತೇವೆ. ಅಲ್ಲಿ ಆರೋಗ್ಯಶಾಸ್ತ್ರದ ಅಧ್ಯಾಪಕಿ ಚನ್ನವೀರಮ್ಮನವರು ತಾವೇ ನಿಂತು ಮಜ್ಜಿಗೆ ಹಂಚುತ್ತಾರೆ, ಒಲ್ಲೆನೆಂದವರನ್ನು ಗದರುತ್ತಾರೆ. ವಿದ್ಯಾರ್ಥಿಗಳಿಗೆ ಅವರೆಂದರೆ ಪ್ರಾಣ. ಬಿಸಿಲ ಹೊಡೆತದ ಬಗೆಗಿನ ಅರಿವನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಅವರು ಮೂರು ವರ್ಷ ದುಡಿದು ರಚಿಸಿದರು. ಯಾವ ಊರಿನ ವಿದ್ಯಾರ್ಥಿಗಳಿಗೆ ಪ್ರಥಮ ಚಿಕಿತ್ಸೆಯ ಪಾಠ ಮೊದಲು ಬೇಕೆಂಬುದು ಅದರಿಂದಲೇ ನಿರ್ಧಾರವಾಗಬೇಕಿತ್ತು. ಅದನ್ನು ಒಪ್ಪುವ ಇಲ್ಲವೇ ತಳ್ಳುವ ಹೊಣೆ ನನ್ನದಾಗಿತ್ತು.

ಪದ್ಧತಿಯಂತೆ ಮರುಕೇಳ್ಕೆ ನಡೆಯಿತು. ಅದೇ ಪ್ರಶ್ನೆಗಳನ್ನು ಅದೇ ವಿದ್ಯಾರ್ಥಿಗಳಿಗೆ ಎರಡು ವಾರ ಬಿಟ್ಟು ಮತ್ತೆ ಕೇಳಿ, ಉತ್ತರಗಳು ಹೊಂದುತ್ತವೆಯೇ ಎಂದು ನೋಡುವುದಕ್ಕೆ ಆ ಹೆಸರು. ಹೊಂದಿದವು, ಒಂದೂ ಹೆಚ್ಚುಕಡಿಮೆಯಾಗದಂತೆ! ಚನ್ನವೀರಮ್ಮನವರ ಮುಖ ಅರಳಿತು. ನಾನು ಮಾತ್ರ ಹುಲಿಗೆಮ್ಮನೆಂಬ ವಿದ್ಯಾರ್ಥಿನಿಯ ಹಾಳೆಯನ್ನು ಕೆಳಗಿಡಲಾರದೆ ಕುಳಿತೆ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಕೆಂಬ ತಪ್ಪು ಉತ್ತರವನ್ನೇ ಅವಳು ಎರಡು ಸಲವೂ ಗುರುತು ಮಾಡಿದ್ದಳು. ಆದರೆ ಆ ಎರಡು ವಾರಗಳ ನಡುವೆ ತೋಟದ ಮಾಲಿ ಬಿಸಿಲಿಗೆ ಕುಸಿದಾಗ, ಬಾಯಿಗೆ ನೀರು ಸುರಿಯಹೊರಟವರನ್ನು ತಡೆದು, ಅವನನ್ನು ನೆರಳಿಗೆ ಒಯ್ಯಿಸಿ, ಬಟ್ಟೆ ತೋಯಿಸಿ ಗಾಳಿ ಬೀಸಿದವಳು ಅವಳೇ. ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಮಾಲಿ ಬದುಕಿದ.

ಹುಲಿಗೆಮ್ಮನನ್ನು ಕರೆದು ಕೇಳಿದೆ.

“ಮೊದಲನೇ ಸಲ ಗೊತ್ತಿರಲಿಲ್ರೀ ಅಜ್ಜಾರ, ಆಮ್ಯಾಲೆ ಓದಿಕೊಂಡೆ. ಆದ್ರ ಬ್ಯಾರೆ ಬರದ್ರ ಅಮ್ಮಾರ ಹಾಳಿ ತಿಪ್ಪಿಗೆ ಹೋಗತೈತಂತ! ಅಷ್ಟು ಮಜ್ಜಿಗಿ ಕುಡದು ಅವರಿಗೇ ಕೈ ಕೊಡೂದೇನ್ರೀ? ಎಲ್ಲಾರೂ ಮಾತಾಡಿಕೊಂಡು ಹಳೇದನ್ನ ಬರದ್ವಿ.”

ಉತ್ತರಗಳು ಹೊಂದದಿದ್ದರೆ ಪ್ರಶ್ನಾವಳಿ ಬಿದ್ದುಹೋಗುವುದೆಂದು ಚನ್ನವೀರಮ್ಮನವರು ತರಗತಿಯಲ್ಲಿ ಮೊದಲೇ ವಿವರಿಸಿದ್ದರಂತೆ. ವಿಷಯ ತಿಳಿದಾಗ ಅವರು “ಅಯ್ಯ, ಹುಚ್ಚ ಹುಡುಗ್ರು!” ಎಂದು ನಕ್ಕರು, ಬಳಿಕ ಹಾಳೆಗಳನ್ನೆಲ್ಲ ಒಟ್ಟುಮಾಡಿ ನನ್ನ ಮುಂದಿಟ್ಟರು. ನಾನು ಆ ಮರುಕೇಳ್ಕೆಯನ್ನು ತಳ್ಳಿಹಾಕಿದೆ. ಅವರು ಬೇಡವೆನ್ನಲಿಲ್ಲ. ಅವರ ಪರಿಚಯವೇ ಇಲ್ಲದ ದೂರದ ವಿದ್ಯಾಪೀಠದಲ್ಲಿ, ಉದ್ದೇಶವನ್ನು ಮೊದಲು ತಿಳಿಸದೆ, ಎಲ್ಲವನ್ನೂ ಹೊಸದಾಗಿ ನಡೆಸಿದೆವು. ಹೊಂದಾಣಿಕೆ ಈ ಬಾರಿ ಕಡಿಮೆಯಾಯಿತು, ಆದರೆ ನಂಬಬಹುದಾದಷ್ಟು ಉಳಿಯಿತು. ಸಡಿಲವಾಗಿದ್ದ ಎರಡು ಪ್ರಶ್ನೆಗಳನ್ನು ತಿದ್ದಿ, ಮತ್ತೊಮ್ಮೆ ಪರೀಕ್ಷಿಸಿದ ಮೇಲೆ ಸಂತೋಷದಿಂದ ಒಪ್ಪಿಗೆಯಿತ್ತೆ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಕೋಷ್ಟಕದಲ್ಲಿ ಹೊಂದಾಣಿಕೆ ತೀರ ಸೊಗಸಾಗಿ ಕಂಡರೆ, ಹಿಗ್ಗುವ ಮೊದಲು ವಿದ್ಯಾರ್ಥಿಗಳನ್ನು ಕರೆದು ಮಾತನಾಡಿಸಿ. ಮತ್ತೆ ಕೇಳುವುದೇಕೆಂಬುದನ್ನು ಎಲ್ಲ ಮುಗಿದ ಮೇಲೆ ಮರೆಮಾಚದೆ ತಿಳಿಸಿ. ಅವರು ನಿಮ್ಮನ್ನು ಅತಿಯಾಗಿ ಪ್ರೀತಿಸುವವರಾದರೆ, ದಯವಿಟ್ಟು ಪ್ರಶ್ನಾವಳಿಯನ್ನು ಬೇರೆ ಊರಿಗೆ ಒಯ್ಯಿರಿ.

ಇಂತು ನಿಮ್ಮ ಮುಂದಿನವನು,
ಅಡಿವೆಯ್ಯ ಹಿರೇಮಠ
ಪ್ರಶ್ನಾಪರಿಶೋಧಕ